ಮೂರು ತಿಂಗಳು ರಸ್ಟ್ ವಿಡಿಯೋ ನೋಡಿದೆ, ಇಪ್ಪತ್ತು ಸಾಲು ಬರೆಯಲು ಬರುತ್ತಿಲ್ಲ

ಗಂಜ್_ಗಲ್ಲಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯವನು. ಡಿಪ್ಲೊಮಾ ಮುಗಿದಿದೆ. ಗಂಜ್‌ನಲ್ಲಿ ಅಪ್ಪನ ಅಡತ್ ಅಂಗಡಿ ಇದೆ. ಹಗಲು ಅಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ.

ಕಾಲೇಜಿನಲ್ಲಿ ಸಿ ಭಾಷೆ ಕಲಿತಿದ್ದೆ. ಪಾಯಿಂಟರ್ ಬಂದಾಗ ತಲೆ ತಿರುಗಿತ್ತು, ಆದರೂ ಪಾಸಾದೆ. ಈಗ ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹಿಡಿದಿದ್ದೇನೆ. ವಿಡಿಯೋ ನೋಡುವಾಗ ಎಲ್ಲಾ ತಿಳಿಯುತ್ತದೆ. ಓನರ್‌ಶಿಪ್ ಅಂದರೇನು ಅಂತ ಕೇಳಿದರೆ "ಒಂದು ಡೇಟಾಗೆ ಒಬ್ಬನೇ ಯಜಮಾನ" ಅಂತ ಗಿಳಿಪಾಠ ಒಪ್ಪಿಸುತ್ತೇನೆ. ಖಾಲಿ ಫೈಲ್ ತೆರೆದರೆ ಮಾತ್ರ ಕೈ ಓಡುವುದಿಲ್ಲ.

ಮೊನ್ನೆ ಧೈರ್ಯ ಮಾಡಿ ಅಂಗಡಿಗೆಂದೇ ಒಂದು ಸಣ್ಣ ಪ್ರೋಗ್ರಾಂ ಶುರು ಮಾಡಿದೆ. ರೈತರು ತೊಗರಿ ತರುತ್ತಾರೆ, ಚೀಲ ಚೀಲ ತೂಗುತ್ತೇವೆ, ಕೊನೆಗೆ ಪಟ್ಟಿ ಕೊಡುತ್ತೇವೆ. ಅಷ್ಟೇ ಕೆಲಸ. ತೂಕಗಳನ್ನು ಒಂದು ವೆಕ್‌ಗೆ, ಅಂದರೆ ಬೆಳೆಯಬಲ್ಲ ಸಾಲಿಗೆ, ಹಾಕಿದೆ. ಮೊದಲ ಚೀಲಕ್ಕೆ ಒಂದು ರೆಫರೆನ್ಸ್, ಅಂದರೆ ಅದು ಇರುವ ಜಾಗ ತೋರಿಸುವ ಬೆರಳು, ಇಟ್ಟುಕೊಂಡೆ. ಆಮೇಲೆ ಇನ್ನೊಂದು ಚೀಲ ಪುಶ್ ಮಾಡಿದೆ. ಕೊನೆಗೆ ಮೊದಲ ಚೀಲದ ತೂಕ ಪ್ರಿಂಟ್ ಮಾಡಲು ಹೋದೆ. ಕಂಪೈಲರ್ ಇ0502 ಅನ್ನುವ ಎರರ್ ನಂಬರ್ ಕೊಟ್ಟು ಕೆಂಪಗೆ ಬೈದಿತು. ನಾನು ಮೊದಲ ಚೀಲವನ್ನು ಮುಟ್ಟೇ ಇಲ್ಲ, ಕೊನೆಗೆ ಒಂದು ಸೇರಿಸಿದ್ದೇನೆ ಅಷ್ಟೇ. ಅದಕ್ಕೂ ಇದಕ್ಕೂ ಏನು ಸಂಬಂಧ? ವಿಡಿಯೋದವನು "ಕ್ಲೋನ್ ಹಾಕಿ, ಮುಂದೆ ಹೋಗಿ" ಅಂತಾನೆ, ಅಂದರೆ ಬೇರೆ ಪ್ರತಿ ಮಾಡಿಕೊಳ್ಳಿ ಅಂತ. ಹಾಕಿದರೆ ಓಡುತ್ತದೆ. ಯಾಕೆ ಓಡಿತು ಅಂತ ಮಾತ್ರ ಗೊತ್ತಿಲ್ಲ.

ನನ್ನ ತಲೆಗೆ ಇದು ಹತ್ತುತ್ತದಾ, ಬಿಟ್ಟುಬಿಡಲಾ? ಖರೇ ಹೇಳಿ.

ಜವಾರಿ_ಜಾವಾ

ಬಿಟ್ಟುಬಿಡು ತಮ್ಮಾ. ಕಲಬುರಗಿಯಲ್ಲಿ ಕೂತು ರಸ್ಟ್ ಕಲಿತು ಏನು ಮಾಡ್ತೀಯಾ? ಜಾವಾ ಕಲಿ, ಬೆಂಗಳೂರಿನ ರೈಲು ಹತ್ತು. ಪಟ್ಟಿ ಬರೆಯೋಕೆ ಎಕ್ಸೆಲ್ ಸಾಕು.

ಹಳೇ_ಸಿ_ಮೇಷ್ಟ್ರು

ಕೆಲಸದ ಮಾತು ಆಮೇಲೆ ಆಡೋಣ. ಹುಡುಗ ಕೇಳಿದ ಪ್ರಶ್ನೆ ಭಾಳ ಚೆನ್ನಾಗಿದೆ. ಮೊದಲು ಅದಕ್ಕೆ ಉತ್ತರ.

ವೆಕ್ ಅಂದರೆ ಮೆಮೊರಿಯಲ್ಲಿ ಒಂದೇ ಸಾಲಿನಲ್ಲಿ ಜೋಡಿಸಿದ ಚೀಲಗಳು. ಮೊದಲು ನಾಲ್ಕು ಚೀಲಕ್ಕೆ ಜಾಗ ಹಿಡಿದಿದೆ ಅಂದುಕೊಳ್ಳಿ. ಐದನೆಯದು ಬಂತು. ಪಕ್ಕದಲ್ಲಿ ಜಾಗ ಇಲ್ಲ. ಆಗ ಏನು ಮಾಡುತ್ತದೆ? ಬೇರೆ ಕಡೆ ದೊಡ್ಡ ಜಾಗ ಹಿಡಿದು, ಹಳೆಯ ನಾಲ್ಕನ್ನೂ ಅಲ್ಲಿಗೆ ಸಾಗಿಸಿ, ಹಳೇ ಜಾಗ ಬಿಟ್ಟುಕೊಡುತ್ತದೆ. ನಿಮ್ಮ ರೆಫರೆನ್ಸ್ ಇನ್ನೂ ಹಳೇ ಜಾಗವನ್ನೇ ತೋರಿಸುತ್ತಾ ನಿಂತಿರುತ್ತದೆ. ಅಲ್ಲಿ ಈಗ ಯಾರಿದ್ದಾರೋ ಏನೋ.

ಸಿ ಭಾಷೆಯಲ್ಲಿ ಹಿಡಿದ ಜಾಗ ದೊಡ್ಡದು ಮಾಡಲು ರೀಅಲಾಕ್ ಮಾಡಿದಾಗಲೂ ಇದೇ ಕಥೆ. ಅಲ್ಲಿ ಯಾರೂ ಬೈಯುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಪಾಠ ಮಾಡುವುದಕ್ಕೆ ಮೊದಲು ಒಂದು ಕಡೆ ತೂಕದ ಯಂತ್ರಕ್ಕೆ ಸಿ ಪ್ರೋಗ್ರಾಂ ಬರೆದಿದ್ದೆ. ಥೇಟ್ ಇದೇ ತಪ್ಪು ಮಾಡಿದ್ದೆ. ಆರು ತಿಂಗಳು ಚೆನ್ನಾಗಿ ಓಡಿತು. ಯಾಕೆಂದರೆ ಎಷ್ಟೋ ಸಲ ಪಕ್ಕದಲ್ಲೇ ಜಾಗ ಸಿಕ್ಕಿ ವಿಳಾಸ ಬದಲಾಗುವುದೇ ಇಲ್ಲ. ಒಂದು ದಿನ ಬದಲಾಯಿತು. ತೂಕದ ಜಾಗದಲ್ಲಿ ಅಸಂಬದ್ಧ ಅಂಕಿ ಬಂತು. ನಾಲ್ಕು ದಿನ ಯಂತ್ರದ ವೈರು, ತಕ್ಕಡಿ, ಕರೆಂಟು ಎಲ್ಲಾ ಬೈದೆ. ತಪ್ಪು ನನ್ನದೇ ಆಗಿತ್ತು.

ಈಗ ಒಂದು ಕೆಲಸ ಮಾಡಿ. ವೆಕ್ ನ್ಯೂ ಎಂದು ಖಾಲಿ ವೆಕ್ ಮಾಡಿ. ಲೂಪ್‌ನಲ್ಲಿ ಹತ್ತು ತೂಕ ಪುಶ್ ಮಾಡಿ. ಪ್ರತಿ ಪುಶ್ ಆದ ಮೇಲೆ ಅದರ ಕೆಪಾಸಿಟಿಯನ್ನೂ (ಎಷ್ಟು ಚೀಲಕ್ಕೆ ಜಾಗ ಹಿಡಿದಿದೆ ಅನ್ನುವುದು) ಆ್ಯಸ್ ಪಿಟಿಆರ್ ಕೊಡುವ ವಿಳಾಸವನ್ನೂ ಪ್ರಿಂಟ್ ಮಾಡಿ. ಏನು ಬಂತು ಅಂತ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ವಿಡಿಯೋ ಬಂದ್.

ಬಿದ್ರಿ_ಕಪ್ಪು

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ನಾನು ಬೀದರಿನವಳು. ಮನೆಯಿಂದಲೇ ಕೆಲಸ, ಎರಡು ವರ್ಷದಿಂದ ರಸ್ಟ್‌ನಲ್ಲೇ ಬರೆಯುತ್ತೇನೆ. ನಾನೂ ನಿನ್ನ ಹಾಗೇ ವಿಡಿಯೋ ನೋಡಿ ನೋಡಿ ಸಾಕಾದವಳು.

ನನಗೆ ದಾರಿ ತೋರಿಸಿದ್ದು 200 ಪುಟದ ಒಂದು ನೋಟ್‌ಬುಕ್. ಓಡುತ್ತಿರುವ ಯಾವುದೋ ಸಣ್ಣ ಪ್ರೋಗ್ರಾಂ ತೆಗೆದುಕೊಳ್ಳುವುದು. ಅದರಲ್ಲಿ ಒಂದೇ ಒಂದು ಕಡೆ ಬೇಕಂತಲೇ ಕೆಡಿಸುವುದು. ಒಂದು ಆಂಪರ್ಸೆಂಡ್ (ರೆಫರೆನ್ಸಿನ ಗುರುತು) ತೆಗೆಯುವುದು, ಎರಡು ಸಾಲು ಅದಲುಬದಲು ಮಾಡುವುದು, ಒಂದು ಮ್ಯೂಟ್ (ಬದಲಿಸಬಹುದು ಅನ್ನುವ ಗುರುತು) ಅಳಿಸುವುದು. ಆಮೇಲೆ ತಪ್ಪು ಹುಡುಕುವ ಕಾರ್ಗೋ ಚೆಕ್ ಒತ್ತುವುದಕ್ಕೆ ಮೊದಲು ನೋಟ್‌ಬುಕ್‌ನಲ್ಲಿ ಬರೆಯುವುದು: ಬೈಯುತ್ತದಾ ಇಲ್ವಾ? ಬೈದರೆ ಯಾವ ಸಾಲಿಗೆ? ಏನಂತ? ಆಮೇಲೆ ಒತ್ತುವುದು. ಸರಿಯಾದರೆ ಟಿಕ್, ತಪ್ಪಾದರೆ ಕೆಂಪು ಗೆರೆ.

ಮೊದಲ ವಾರ ಬರೀ ಕೆಂಪು. ಬೇಜಾರಾಗುತ್ತದೆ, ಹೇಳಿಬಿಡುತ್ತೇನೆ. ಆದರೆ ಸುಮ್ನೆ ಎರರ್ ನೋಡಿ ಸರಿಮಾಡುವುದಕ್ಕೂ, ಊಹಿಸಿ ಸೋತು ಆಮೇಲೆ ಎರರ್ ಓದುವುದಕ್ಕೂ ಭಾಳ ವ್ಯತ್ಯಾಸ ಇದೆ. ಸೋತಾಗ ಓದುವ ಕಣ್ಣೇ ಬೇರೆ.

ನಾಲ್ಕು ನಂಬರ್ ಗುರುತಾದರೆ ಶುರುವಿನ ದಿನಗಳು ಕಳೆಯುತ್ತವೆ. ಇ0382, ಕೈ ದಾಟಿಹೋದದ್ದನ್ನು ಮತ್ತೆ ಬಳಸಿದರೆ. ಇ0502, ಯಾರೋ ಓದುತ್ತಿರುವಾಗ ಬರೆಯಲು ಹೋದರೆ. ಇ0499, ಇಬ್ಬರು ಒಟ್ಟಿಗೆ ಬರೆಯಲು ಹೋದರೆ. ಇ0106, ರೆಫರೆನ್ಸ್ ಎಷ್ಟು ಹೊತ್ತು ಬಾಳುತ್ತದೆ ಅಂತ ಹೇಳುವ ಲೈಫ್‌ಟೈಮ್ ಹೆಸರು ಬೇಕಾದ ಕಡೆ ಹಾಕದಿದ್ದರೆ. ರಸ್ಟ್‌ಸಿ ಎಕ್ಸ್‌ಪ್ಲೇನ್ ಎಂದು ನಂಬರ್ ಕೊಟ್ಟರೆ ಪೂರ್ತಿ ವಿವರಣೆ ಟರ್ಮಿನಲ್‌ನಲ್ಲೇ ಬರುತ್ತದೆ, ಇಂಟರ್ನೆಟ್ ಬೇಡ.

ಕೆಡಿಸಲು ಪ್ರೋಗ್ರಾಂ ಎಲ್ಲಿಂದ ತರಲಿ ಅಂದರೆ ರಸ್ಟ್‌ಲಿಂಗ್ಸ್ ಇಳಿಸಿಕೋ. ಕೆಟ್ಟಿರುವ ಪುಟ್ಟ ಪುಟ್ಟ ಪ್ರೋಗ್ರಾಂಗಳು. ಒಂದೊಂದಾಗಿ ರಿಪೇರಿ ಮಾಡಬೇಕು. ಮಾಡಿ ಮುಗಿಸಿದ್ದನ್ನು ಮತ್ತೆ ನೀನೇ ಕೆಡಿಸು.

ಭೀಮಾ_ತೀರ

ಯಾದಗಿರಿಯಿಂದ. ನನ್ನದು ಇನ್ನೂ ಹಿಂದಿನ ತಾಪತ್ರಯ. ಲ್ಯಾಪ್‌ಟಾಪ್‌ಗೆ 4 ಜಿಬಿ ರ‍್ಯಾಮ್. ವಿಂಡೋಸ್‌ನಲ್ಲಿ ರಸ್ಟ್ ಹಾಕಲು ಹೋದರೆ ವಿಶುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಕೇಳಿತು, ಅದು ಜಿಬಿಗಟ್ಟಲೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅರ್ಧ ಇಳಿದಾಗ ಕರೆಂಟ್ ಹೋಯಿತು. ಇದಕ್ಕೇನು ಮಾಡಲಿ?

ಬಿದ್ರಿ_ಕಪ್ಪು

ಅಣ್ಣಾ, ಆ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿ, ಅಥವಾ ಅದಕ್ಕಿಂತ ಹಗುರದ ಲಿನಕ್ಸ್. ಅಲ್ಲಿ ಲಿಂಕರ್ ಸಿಸಿ ಸಿಗಲಿಲ್ಲ ಅಂತ ಬಂದರೆ ಬಿಲ್ಡ್ ಎಸೆನ್ಷಿಯಲ್ ಹಾಕಿದರೆ ಮುಗಿಯಿತು. ಬರೆಯುವಾಗೆಲ್ಲ ಕಾರ್ಗೋ ಚೆಕ್ ಮಾತ್ರ ಬಳಸಿ. ಅದು ತಪ್ಪು ಹುಡುಕುತ್ತದೆ, ಓಡುವ ಫೈಲ್ ಕಟ್ಟುವುದಿಲ್ಲ, ಅದಕ್ಕೇ ಬೇಗ ಮುಗಿಯುತ್ತದೆ. ಬಿಲ್ಡ್ ಮಾಡಲೇಬೇಕಾದಾಗ ಜೆ 1 ಕೊಟ್ಟರೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ, ನಿಧಾನ ಆದರೂ ರ‍್ಯಾಮ್ ಉಸಿರಾಡುತ್ತದೆ. ಡಿಸ್ಕ್ ತುಂಬಿದರೆ ಟಾರ್ಗೆಟ್ ಫೋಲ್ಡರ್ ನೋಡಿ, ಕಾರ್ಗೋ ಕ್ಲೀನ್ ಕೊಡಿ.

ಇನ್ನೊಂದು ಸಂಗತಿ ಭಾಳ ಜನಕ್ಕೆ ಗೊತ್ತಿಲ್ಲ. ರಸ್ಟ್ ಹಾಕಿಕೊಡುವ ರಸ್ಟಪ್ ಹಾಕಿದಾಗಲೇ ಪಾಠದ ಪುಸ್ತಕ, ಲೈಬ್ರರಿಯ ವಿವರ ಎಲ್ಲಾ ನಿಮ್ಮ ಯಂತ್ರಕ್ಕೆ ಬಂದಿರುತ್ತದೆ. ರಸ್ಟಪ್ ಡಾಕ್ ಅಂತ ಕೊಟ್ಟರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ನೆಟ್ ಬೇಕಿಲ್ಲ. ಕರೆಂಟ್‌ಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ.

ಗಂಜ್_ಗಲ್ಲಿ

ಮೇಷ್ಟ್ರೇ, ಮಾಡಿದೆ. ಮೊದಲ ಪುಶ್‌ಗೆ ಕೆಪಾಸಿಟಿ 4. ಐದನೆಯದಕ್ಕೆ 8. ಒಂಬತ್ತನೆಯದಕ್ಕೆ 16. ಐದನೆಯದಕ್ಕೆ ವಿಳಾಸ ಬದಲಾಯಿತು! ಒಂಬತ್ತಕ್ಕೆ ಬದಲಾಗಲಿಲ್ಲ. ನೀವು ಹೇಳಿದ ಹಾಗೆ ಪಕ್ಕದಲ್ಲೇ ಜಾಗ ಸಿಕ್ಕಿರಬೇಕು.

ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ಮೂರು ತಿಂಗಳು ಕೇಳಿದ ಮಾತು ಹನ್ನೆರಡು ಸಾಲಿನಲ್ಲಿ ಕಣ್ಣಿಗೆ ಕಂಡಿತು.

ಇನ್ನೊಂದು ನೋಡಿದೆ. ರೆಫರೆನ್ಸ್ ಬಿಟ್ಟು ನೇರವಾಗಿ ತೂಕದ ಅಂಕಿಯನ್ನೇ ವೇರಿಯಬಲ್‌ಗೆ ಹಾಕಿಕೊಂಡರೆ ಬೈಯುವುದೇ ಇಲ್ಲ. ಕ್ಲೋನ್ ಕೂಡ ಬೇಡ. ಆದರೆ ರೈತರ ಹೆಸರಿನ ವೆಕ್‌ನಲ್ಲಿ ಅದನ್ನೇ ಮಾಡಿದರೆ ಇ0507 ಬರುತ್ತದೆ. ಯಾಕೆ?

ಹಳೇ_ಸಿ_ಮೇಷ್ಟ್ರು

ಅಂಕಿ ಸಣ್ಣದು, ಅದನ್ನು ನಕಲು ಮಾಡಲು ಖರ್ಚಿಲ್ಲ. ಅದಕ್ಕೆ ಕಾಪಿ ಅನ್ನುವ ಗುಣ ಇದೆ, ಕೇಳದೆ ನಕಲಾಗುತ್ತದೆ. ಹೆಸರು ಇಡುವ ಸ್ಟ್ರಿಂಗ್ ಹಾಗಲ್ಲ. ಅದರ ಅಕ್ಷರಗಳು ಹೀಪ್ ಎಂಬ ಬೇರೆ ಮೆಮೊರಿ ಜಾಗದಲ್ಲಿವೆ, ಒಬ್ಬನೇ ಯಜಮಾನ. ವೆಕ್‌ನ ಹೊಟ್ಟೆಯಿಂದ ಅದನ್ನು ಕಿತ್ತುಕೊಂಡು ಹೋಗಲು ಬಿಡುವುದಿಲ್ಲ. ನೋಡುವುದಾದರೆ ರೆಫರೆನ್ಸ್ ತಗೊಳ್ಳಿ. ಬೇರೆ ಪ್ರತಿ ಬೇಕೇ ಬೇಕೆಂದರೆ ಕ್ಲೋನ್ ಮಾಡಿ. ಕ್ಲೋನ್ ಮಾಡುವುದು ಪಾಪ ಅಲ್ಲ. ಯಾಕೆ ಮಾಡುತ್ತಿದ್ದೇನೆ ಅಂತ ಪಕ್ಕದಲ್ಲಿ ಒಂದು ಕಾಮೆಂಟ್ ಬರೆಯಲು ಬಂದರೆ ಮಾಡಿ. ಬರೆಯಲು ಬರದಿದ್ದರೆ ನಿಲ್ಲಿ.

ಮಿರ್ಚಿ_ಭಜಿ

ಒಂದು ಮಾತು ಬಹಳ ದಿನದಿಂದ ಹೇಳಬೇಕು ಅಂತಿದ್ದೆ. ರೆಫರೆನ್ಸ್ ತಗೊಳ್ಳುವುದಕ್ಕೆ ರಸ್ಟ್‌ನಲ್ಲಿ ಬಾರೋ (borrow) ಅನ್ನುತ್ತಾರೆ, ಎಲ್ಲರೂ ಅದನ್ನು ಸಾಲ ಅಂತ ಹೇಳಿಕೊಡುತ್ತಾರೆ. ನನ್ನ ಪ್ರಕಾರ ಅಲ್ಲೇ ಅರ್ಧ ಗೊಂದಲ ಹುಟ್ಟುತ್ತದೆ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೆ ಅದು ಸಾಲ. ಆ ಸಕ್ಕರೆ ಚಹಾಕ್ಕೆ ಹೋಯಿತು, ವಾಪಸ್ ಕೊಡುವುದು ಬೇರೆ ಸಕ್ಕರೆ. ಪಕ್ಕದ ಮನೆಯಿಂದ ಏಣಿ ತಂದರೆ? ಅದು ಎರವಲು. ಅದೇ ಏಣಿ ವಾಪಸ್ ಹೋಗಬೇಕು. ನಾನು ಅದನ್ನು ಮಾರುವ ಹಾಗಿಲ್ಲ, ಸುಡುವ ಹಾಗಿಲ್ಲ. ಅವರೂ ಏಣಿ ನನ್ನ ಮಾಳಿಗೆಗೆ ಒರಗಿರುವಾಗ ಎಳೆದುಕೊಂಡು ಹೋಗುವ ಹಾಗಿಲ್ಲ. ರಸ್ಟ್‌ನದು ಏಣಿಯ ವ್ಯವಹಾರ.

ಗಂಜ್_ಗಲ್ಲಿ

ಏಣಿ ಮಸ್ತ್! ನಾನು ಅಂಗಡಿಯ ಕಿರ್ದಿ ಪುಸ್ತಕ ಅಂತ ಯೋಚಿಸುತ್ತಿದ್ದೆ. ಓದುವವರು ಎಷ್ಟು ಜನ ಬೇಕಾದರೂ ಬಗ್ಗಿ ನೋಡಬಹುದು. ಅಪ್ಪ ಪೆನ್ನು ಹಿಡಿದು ಬರೆಯುತ್ತಿದ್ದರೆ ಮಾತ್ರ ಬೇರೆ ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗೂ ಇಲ್ಲ.

ಹಳೇ_ಸಿ_ಮೇಷ್ಟ್ರು

ಎರಡೂ ಚೆನ್ನಾಗಿವೆ. ಒಂದು ಎಚ್ಚರಿಕೆ. ಏಣಿ ಯಾವಾಗ ವಾಪಸ್ ಹೋಯಿತು ಅಂತ ನಿಮಗೆ ಕಣ್ಣಿಗೆ ಕಾಣುತ್ತದೆ. ರಸ್ಟ್‌ನಲ್ಲಿ ಆ ರೆಫರೆನ್ಸನ್ನು ಕೊನೆಯ ಸಲ ಬಳಸಿದ ಸಾಲಿಗೇ ಎರವಲು ಮುಗಿಯಿತು. ಆ ಭಾಗದ ಕೊನೆಯ ಬ್ರೇಸ್ } ಮುಚ್ಚುವವರೆಗೆ ಕಾಯುವುದಿಲ್ಲ. 2018ರ ಎಡಿಷನ್‌ಗೆ ಮೊದಲು ಹಾಗಿರಲಿಲ್ಲ, ಬ್ರೇಸ್ ಮುಚ್ಚುವವರೆಗೂ ಹಿಡಿದುಕೊಂಡಿರುತ್ತಿತ್ತು. ಹಾಗಾಗಿ ಹಳೇ ವಿಡಿಯೋದಲ್ಲಿ ಎರರ್ ಬರುತ್ತದೆ ಅಂತ ತೋರಿಸಿದ ಎಷ್ಟೋ ಪ್ರೋಗ್ರಾಂಗಳು ಇವತ್ತು ಸಲೀಸಾಗಿ ಓಡುತ್ತವೆ. ಹುಡುಗರು "ನನಗೇ ತಿಳಿದಿಲ್ಲ" ಅಂತ ತಲೆ ಚಚ್ಚಿಕೊಳ್ಳುತ್ತಾರೆ. ಗಂಜ್ ಹುಡುಗಾ, ನೀವು ಮೊದಲ ಚೀಲವನ್ನು ಪುಶ್‌ಗಿಂತ ಮೊದಲೇ ಪ್ರಿಂಟ್ ಮಾಡಿ ನೋಡಿ. ಏನೂ ಬೈಯುವುದಿಲ್ಲ.

ಜವಾರಿ_ಜಾವಾ

ಸರಿ ಸರಿ, ಏಣಿ ನನಗೂ ತಿಳಿಯಿತು. ಆದರೂ ಕೇಳುತ್ತೇನೆ, ಜಾವಾದಲ್ಲಿ ಬೇಡವಾದ ಮೆಮೊರಿ ತಾನೇ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಇದನ್ನೆಲ್ಲಾ ನೋಡಿಕೊಳ್ಳುತ್ತದೆ. ಇಷ್ಟು ಕಷ್ಟ ಯಾಕೆ?

ಬಿದ್ರಿ_ಕಪ್ಪು

ಪಟ್ಟಿ ಬರೆಯಲು ಜಾವಾ ಸಾಕು ಅಣ್ಣಾ, ನಿಮ್ಮ ಮಾತು ಒಪ್ಪಿದೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಬ್ರೌಸರ್, ಸಣ್ಣ ಯಂತ್ರದ ಒಳಗಿನ ಪ್ರೋಗ್ರಾಂ, ಇಲ್ಲೆಲ್ಲಾ ಕಲೆಕ್ಟರ್ ಇಟ್ಟುಕೊಳ್ಳುವುದು ಕಷ್ಟ, ಅದಕ್ಕೇ ಸಿ, ಸಿ ಪ್ಲಸ್ ಪ್ಲಸ್ ನಡೆದುಬಂದವು. ಆ ಜಾಗದಲ್ಲಿ ಆದ ನಷ್ಟ ನೋಡಿ. ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿ ತಪ್ಪುಗಳೇ ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಮರುವರ್ಷ ಕ್ರೋಮ್ ಬ್ರೌಸರಿನ ಮೂಲವಾದ ಕ್ರೋಮಿಯಂ ತಂಡವೂ ತಮ್ಮ ಗಂಭೀರ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಅಂಕಿ ಕೊಟ್ಟಿತು. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲ್ ಒಳಗೂ ರಸ್ಟ್‌ಗೆ ಜಾಗ ಸಿಕ್ಕಿತು.

ಈ ಭಾಷೆ ಶುರುವಾದ ಕಥೆಯೂ ಒಂದು ಕೆಟ್ಟ ಲಿಫ್ಟಿನದು. 2006ರಲ್ಲಿ ಗ್ರೇಡನ್ ಹೋರ್ ಎಂಬ ಪ್ರೋಗ್ರಾಮರ್ ಮನೆಗೆ ಬಂದರೆ ಲಿಫ್ಟಿನ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಅವರ ಮನೆ 21ನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ತಲೆಗೆ ಬಂದ ಸಿಟ್ಟು 2015ರ ಮೇ ತಿಂಗಳಲ್ಲಿ 1.0 ಆಗಿ ಹೊರಬಂತು. ನಮ್ಮ ಕಡೆ ಮೇ ತಿಂಗಳಲ್ಲಿ 21 ಮಹಡಿ ಹತ್ತಿಸಿದ್ದರೆ ಭಾಷೆ ಇನ್ನೂ ಬೇಗ ಬರುತ್ತಿತ್ತು.

ಗಂಜ್_ಗಲ್ಲಿ

ಹತ್ತು ದಿನ ಆಯಿತು. ನೋಟ್‌ಬುಕ್ ತಂದೆ. 61 ಊಹೆ, 23 ಟಿಕ್. ಪ್ರೋಗ್ರಾಂ ಪಟ್ಟಿ ಕೊಡುವವರೆಗೆ ಬಂದಿದೆ. ಆದರೆ ಕನ್ನಡ ಕಾಲಿಗೆ ತೊಡಕಾಯಿತು.

ಪಟ್ಟಿಯಲ್ಲಿ ಕಾಳಿನ ಹೆಸರಿಗೆ ಜಾಗ ಕಡಿಮೆ. ಮೂರು ಅಕ್ಷರಕ್ಕೆ ಕತ್ತರಿಸೋಣ ಅಂತ 0ಯಿಂದ 2ರವರೆಗೆ ಸ್ಲೈಸ್ ಮಾಡಿದೆ. ಪ್ರೋಗ್ರಾಂ ಪ್ಯಾನಿಕ್ ಆಗಿ ಸತ್ತಿತು. ಕ್ಯಾರ್ಸ್ (ಒಂದೊಂದೇ ಸಂಕೇತ ಬಿಡಿಸಿ ಕೊಡುವುದು) ಹಾಕಿ ಮೂರು ತಗೋ ಅಂದೆ, ಓಡಿತು. ತೊಗರಿ "ತೊಗ" ಆಯಿತು, ಹೆಸರು "ಹೆಸ" ಆಯಿತು, ಇರಲಿ. ಉದ್ದು ಮಾತ್ರ "ಉದ್" ಆಯಿತು. ಅಪ್ಪ ಕನ್ನಡಕ ಏರಿಸಿ, "ಇದೇನಪ್ಪಾ, ಎಲ್ಲರಿಗೂ ಉದ್ರಿ ಬರೆದಿದ್ದೀಯಲ್ಲ!" ಅಂದರು.

ಹಳೇ_ಸಿ_ಮೇಷ್ಟ್ರು

ನಕ್ಕು ನಕ್ಕು ಸಾಕಾಯಿತು. ಅಪ್ಪನಿಗೆ ನಮಸ್ಕಾರ ಹೇಳಿ.

ಬಿದ್ರಿ_ಕಪ್ಪು

ತಮ್ಮಾ, ಇದು ಭಾಳ ಒಳ್ಳೆಯ ಪಾಠ. ಇಂಗ್ಲಿಷ್ ಹೆಸರಿಟ್ಟು ಕಲಿಯುವವರಿಗೆ ಇದು ಸಿಗುವುದೇ ಇಲ್ಲ.

ರಸ್ಟ್‌ನ ಸ್ಟ್ರಿಂಗ್ ಯಾವಾಗಲೂ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಒಂದು ಪದ್ಧತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. "ಕಲಬುರಗಿ" ತಗೋ. ಕಣ್ಣಿಗೆ 5 ಅಕ್ಷರ. ಲೆನ್ ಕೇಳಿದರೆ 21 ಅನ್ನುತ್ತದೆ, ಅದು ಬೈಟ್ ಲೆಕ್ಕ. ಕ್ಯಾರ್ಸ್ ಎಣಿಸಿದರೆ 7, ಯಾಕೆಂದರೆ ಬು, ಗಿ ಎರಡರಲ್ಲೂ ಸ್ವರಚಿಹ್ನೆ ಬೇರೆ ಸಂಕೇತ. ನೀನು 0ಯಿಂದ 2 ಅಂದಾಗ 2 ಸೇರುವುದಿಲ್ಲ, ಹಾಗಾಗಿ ಮೊದಲ ಅಕ್ಷರದ 3 ಬೈಟಿನಲ್ಲಿ ಎರಡನ್ನು ಕತ್ತರಿಸಲು ಹೋದೆ. ಅರ್ಧ ಅಕ್ಷರ ಕೊಡುವ ಬದಲು ಅದು ನಿಂತುಬಿಟ್ಟಿತು. ಸಿ ಆಗಿದ್ದರೆ ಅರ್ಧ ಅಕ್ಷರವನ್ನೇ ಕೊಟ್ಟು ಸುಮ್ಮನಾಗುತ್ತಿತ್ತು.

ಯೂನಿಕೋಡ್ ಸೆಗ್ಮೆಂಟೇಶನ್ ಅನ್ನುವ ಕ್ರೇಟ್ (ಲೈಬ್ರರಿ) ಇದೆ. ಅದರ ಗ್ರಾಫೀಮ್ಸ್ ಬಳಸಿದರೆ ಕಲಬುರಗಿ ಸರಿಯಾಗಿ 5 ಬರುತ್ತದೆ. ಆದರೆ ಅಲ್ಲಿಗೂ ಮುಗಿಯಲಿಲ್ಲ. "ಕನ್ನಡ" ಹಾಕಿ ನೋಡು. ನಮಗೆ 3 ಅಕ್ಷರ, ಅದಕ್ಕೆ 4. ಒತ್ತಕ್ಷರವನ್ನು ನ್ ಮತ್ತು ನ ಅಂತ ಬಿಡಿಸುತ್ತದೆ. ಉದ್ದು ಕೂಡ ಹಾಗೆಯೇ ಒಡೆಯುತ್ತದೆ. ಹಾಗಾಗಿ ಹಲಂತದಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸುವ ಫಂಕ್ಷನ್ ನೀನೇ ಬರೆಯಬೇಕು. ಹದಿನೈದು ಸಾಲು ಆಗುತ್ತದೆ. ಬರೆ. ಅದರೊಳಗೆ ಸ್ಟ್ರಿಂಗ್, ಎರವಲು, ಆಪ್ಷನ್, ಟೆಸ್ಟ್ ಎಲ್ಲಾ ಬರುತ್ತವೆ.

ಮಿರ್ಚಿ_ಭಜಿ

ಅಥವಾ ಕಾಲಂ ಸ್ವಲ್ಪ ಅಗಲ ಮಾಡಬಹುದು 😀

ಗಂಜ್_ಗಲ್ಲಿ

ಕಾಲಂ ಅಗಲ ಮಾಡಿ ಅಪ್ಪನಿಗೆ ಕೊಟ್ಟೆ. ಫಂಕ್ಷನ್ ನನಗಾಗಿ ಬರೆದೆ. ನಾಲ್ಕು ರಾತ್ರಿ ಹಿಡಿಯಿತು, 31 ಸಾಲು ಆಯಿತು. ಒಂಬತ್ತು ಟೆಸ್ಟ್ ಪಾಸಾಗಿವೆ.

ಹಳೇ_ಸಿ_ಮೇಷ್ಟ್ರು

ಭೇಷ್. ದುಡ್ಡನ್ನು ಯಾವುದರಲ್ಲಿ ಇಟ್ಟಿದ್ದೀರಿ?

ಗಂಜ್_ಗಲ್ಲಿ

ಎಫ್64 ಸರ್, ದಶಮಾಂಶದ ಅಂಕಿ. ತೂಕ ಗ್ರಾಂನಲ್ಲಿ ಯು32, ಋಣ ಇಲ್ಲದ ಪೂರ್ಣಾಂಕ.

ಹಳೇ_ಸಿ_ಮೇಷ್ಟ್ರು

ದುಡ್ಡು ಎಫ್64ನಲ್ಲಿ ಬೇಡ. 0.1ಕ್ಕೆ 0.2 ಕೂಡಿಸಿ ಪ್ರಿಂಟ್ ಮಾಡಿ, 0.30000000000000004 ಬರುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಅದಕ್ಕೂ ಯು32 ಸಾಲದು, 4 ಕೋಟಿ 29 ಲಕ್ಷ ರೂಪಾಯಿಗೆ ತುಂಬಿಬಿಡುತ್ತದೆ. ಸೀಸನ್‌ನಲ್ಲಿ ಅಷ್ಟು ವ್ಯವಹಾರ ದಾಟುವ ಅಂಗಡಿಗಳಿವೆ. ಅದಕ್ಕಿಂತ ದೊಡ್ಡ ಪೂರ್ಣಾಂಕ ಐ64 ಹಾಕಿ.

ಇನ್ನು ತೂಕ. ಚೀಲದ ತೂಕದಲ್ಲಿ ಖಾಲಿ ಚೀಲದ್ದು ಕಳೆಯುತ್ತೀರಿ ಅಲ್ವಾ? ಯಾರೋ ಅವಸರದಲ್ಲಿ 50 ಕಿಲೋ ಬದಲು 500 ಗ್ರಾಂ ಒತ್ತಿದರು, ಖಾಲಿ ಚೀಲ 600 ಗ್ರಾಂ. ಪರೀಕ್ಷೆಗೆಂದು ಕಟ್ಟುವ ಡಿಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗುತ್ತದೆ, ಗೊತ್ತಾಗುತ್ತದೆ. ಬಳಕೆಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಅಂಕಿ ಸುತ್ತು ಹಾಕಿ 4294967196 ಗ್ರಾಂ ಆಗುತ್ತದೆ. ಅಂದರೆ ಒಂದೇ ಚೀಲದಲ್ಲಿ 42,949 ಕ್ವಿಂಟಾಲ್ ತೊಗರಿ. ಎರವಲು ಪರೀಕ್ಷಿಸುವ ಬಾರೋ ಚೆಕರ್ ಇದನ್ನು ಹಿಡಿಯುವುದಿಲ್ಲ, ಇದು ಮೆಮೊರಿ ತಪ್ಪಲ್ಲ. ಋಣವಾಗುತ್ತದಾ ಅಂತ ನೋಡಿ ಕಳೆಯುವ ಚೆಕ್ಡ್ ಸಬ್ ಬಳಸಿ, ಉತ್ತರ ಇಲ್ಲ ಅನ್ನುವ ನನ್ (None) ಬಂದರೆ ಮತ್ತೆ ತೂಗಿ ಅಂತ ಹೇಳಿಸಿ.

ಜವಾರಿ_ಜಾವಾ

ಆ ಚೀಲ ಹೊರುವ ಹಮಾಲಿಯ ಗತಿ!

ಗಂಜ್_ಗಲ್ಲಿ

ಎರಡೂ ಬದಲಿಸಿದೆ. ಈಗ ಹೆಸರು, ತೂಕ ಎಲ್ಲಾ ಒಟ್ಟಿಗೆ ಇಡುವ ಸ್ಟ್ರಕ್ಟ್‌ನಲ್ಲಿ ರೈತರ ಹೆಸರನ್ನು ರೆಫರೆನ್ಸ್ ಆಗಿ ಇಟ್ಟರೆ ಇ0106. ಲೈಫ್‌ಟೈಮ್ ಕಲಿಯಲಾ?

ಬಿದ್ರಿ_ಕಪ್ಪು

ಈಗ ಬೇಡ. ಸ್ಟ್ರಕ್ಟ್‌ನಲ್ಲಿ ಪೂರ್ತಿ ಸ್ಟ್ರಿಂಗ್ ಇಡು. ಹೆಸರು ಸ್ಟ್ರಕ್ಟ್‌ನದೇ ಆಗಲಿ. ಮೊದಲು ಒಂದು ಪ್ರೋಗ್ರಾಂ ಮುಗಿಸು. ಆಮೇಲೆ ಅದನ್ನೇ ಕೆಡಿಸಿ ಲೈಫ್‌ಟೈಮ್ ಕಲಿ.

ಅದರ ಬದಲು ಇದಕ್ಕೆ ಉತ್ತರ ಕೊಡು, ಓಡಿಸದೆ. ಒಂದು ಸ್ಟ್ರಿಂಗ್ ಮಾಡು. ಅದಕ್ಕೆ ಒಂದು ರೆಫರೆನ್ಸ್ ತಗೋ. ಸ್ಟ್ರಿಂಗನ್ನು ಡ್ರಾಪ್ ಫಂಕ್ಷನ್‌ಗೆ ಕೊಡು, ಅದು ಸ್ಟ್ರಿಂಗನ್ನು ಅಳಿಸಿಬಿಡುತ್ತದೆ. ಆಮೇಲೆ ರೆಫರೆನ್ಸನ್ನು ಪ್ರಿಂಟ್ ಮಾಡು. ಒಂದು, ಯಾವ ನಂಬರ್? ಎರಡು, ಕೊನೆಯ ಪ್ರಿಂಟ್ ಸಾಲು ಅಳಿಸಿದರೆ ಏನಾಗುತ್ತದೆ?

ಗಂಜ್_ಗಲ್ಲಿ

ಒಂದು: ಇ0382, ಡ್ರಾಪ್‌ಗೆ ಕೊಟ್ಟ ಮೇಲೆ ಕೈ ದಾಟಿತಲ್ಲ. ಎರಡು: ಬೈಯುವುದಿಲ್ಲ, ಏಣಿ ಅಷ್ಟರಲ್ಲಿ ವಾಪಸ್ ಹೋಗಿರುತ್ತದೆ. ನೋಟ್‌ಬುಕ್‌ನಲ್ಲಿ ಬರೆದೆ. ಈಗ ಓಡಿಸುತ್ತೇನೆ.

ಗಂಜ್_ಗಲ್ಲಿ

ಎರಡನೆಯದು ಟಿಕ್. ಮೊದಲನೆಯದಕ್ಕೆ ಇ0505 ಬಂತು, ಕೆಂಪು ಗೆರೆ ಎಳೆದೆ. ಎಕ್ಸ್‌ಪ್ಲೇನ್ ಓದುತ್ತಿದ್ದೇನೆ. ಕೊನೆಗೆ ಸ್ಟ್ರಿಂಗನ್ನೇ ಪ್ರಿಂಟ್ ಮಾಡಿದ್ದರೆ ನನ್ನ ಉತ್ತರ ಸರಿ ಆಗುತ್ತಿತ್ತು. ಇಲ್ಲಿ ತಪ್ಪು ಪ್ರಿಂಟ್ ಸಾಲಿನದಲ್ಲ, ಡ್ರಾಪ್ ಸಾಲಿನದು. ಏಣಿ ನನ್ನ ಮಾಳಿಗೆಗೆ ಒರಗಿರುವಾಗಲೇ ಅವರು ಅದನ್ನು ಒಲೆಗೆ ಹಾಕಲು ಹೊರಟರು.

ಅಕ್ಕಾ, ಇನ್ನೊಂದು ಕೊಡಿ.